ಬೀಗದಕ್ಕನ ಖಾಲಿ ಕೊಕ್ಕೆ

ಆ ವಸತಿ ಸಂಘದ ನಾಲ್ಕು ಕಟ್ಟಡಗಳಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಬೀಗದಕ್ಕನ ನಿಜವಾದ ಹೆಸರು ಹೇಳುವವರು ಸಿಗುವುದಿಲ್ಲ. ಸಂಬಳದ ದಿನ ಕಚೇರಿಯವರು ಆ ಹೆಸರು ಕೂಗಿದರೆ ಆಕೆಯೇ ಒಂದು ಗಳಿಗೆ ಅತ್ತಿತ್ತ ನೋಡಿ, ಆಮೇಲೆ ಎದ್ದು ಹೋಗುತ್ತಾಳೆ. ಮೊದಲನೇ ಕಟ್ಟಡದ ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟು ಇಡಲೆಂದು ಕಟ್ಟಿದ ಗೂಡಿನಲ್ಲಿ ಆಕೆಯ ಕೀಲಿಕೋಣೆ. ಒಳಗೆ ಒಂದು ಸ್ಟೂಲು, ಒಂದು ಬಲ್ಬು, ಗೋಡೆಯುದ್ದಕ್ಕೂ ಮರದ ಹಲಗೆ, ಹಲಗೆಯ ತುಂಬ ಕೊಕ್ಕೆ. ಒಂದೊಂದು ಕೊಕ್ಕೆಯಲ್ಲೂ ಒಂದೊಂದು ಮನೆಯ ಎರಡನೇ ಕೀಲಿಕೈ. ಕೆಲಸಕ್ಕೆ ಹೋಗುವ ಅವಸರದಲ್ಲಿ ಕೀಲಿಕೈ ಒಳಗೇ ಮರೆತು ಬಾಗಿಲು ಎಳೆದುಕೊಂಡವರು, ಬಸ್ಸಿನಲ್ಲಿ ಕಳೆದುಕೊಂಡವರು, ಕುಡಿದ ಮತ್ತಿನಲ್ಲಿ ಎಲ್ಲಿಟ್ಟೆನೆಂದು ತಿಳಿಯದವರು, ಎಲ್ಲರೂ ಬಂದು ಆ ಗೂಡಿನ ಮುಂದೆ ತಲೆ ಕೆರೆಯುತ್ತ ನಿಲ್ಲುತ್ತಾರೆ. ಬೀಗದಕ್ಕ ಎಲ್ಲರಿಗೂ ಕೀಲಿಕೈ ಕೊಡುತ್ತಾಳೆ, ಜೊತೆಗೆ ಒಂದು ಮಾತನ್ನೂ ಕೊಡುತ್ತಾಳೆ. "ತಲೆ ಒಂದು ಕುತ್ತಿಗೆಗೆ ಅಂಟಿಕೊಂಡಿದೆ, ಪುಣ್ಯ. ಇಲ್ಲದಿದ್ರೆ ಅದಕ್ಕೂ ನನ್ನ ಹತ್ರ ಒಂದು ಕೊಕ್ಕೆ ಬೇಕಾಗ್ತಿತ್ತು."

ಆಕೆ ಈ ಗೂಡಿಗೆ ಬಂದದ್ದು ಗಂಡನ ಬೆನ್ನ ಹಿಂದೆ. ಮದುವೆಗೆ ಮುಂಚೆ ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಒತ್ತುವ ಕೆಲಸ ಮಾಡುತ್ತಿದ್ದಳು. ಗಂಡ ಸಂಘದ ಕಟ್ಟಡಗಳ ಉಸ್ತುವಾರಿ ನೋಡುತ್ತಿದ್ದವನು, ಮಹಾ ಮಿತಭಾಷಿ. ಅಣ್ಣ ಬಾಯಿ ಬಿಟ್ಟು ಮಾತಾಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಕುಡಿಯಲು ನೀರು ಕೇಳಲಿಕ್ಕೆ ಎಂದು ಆಕೆಯ ನಾದಿನಿ ಇಂದಿಗೂ ನಗುತ್ತಾಳೆ. ಎದೆರೋಗದಿಂದ ಅವನು ತೀರಿಕೊಂಡಾಗ ಸಂಘದವರು, ಬೇರೆ ಗಂಡಸೊಬ್ಬ ಸಿಗುವ ತನಕ ತಾತ್ಕಾಲಿಕವಾಗಿ ನೀನೇ ನೋಡಿಕೊಳ್ಳಮ್ಮ ಎಂದು ಕೀಲಿಗೊಂಚಲನ್ನು ಆಕೆಯ ಕೈಗಿತ್ತರು. ಆಗ ಆಕೆಯ ಕೂದಲು ಕಪ್ಪಗಿತ್ತು. ಈಗ ಬೆಳ್ಳಗಾಗಿದೆ, ಆ ಗಂಡಸು ಇನ್ನೂ ಸಿಕ್ಕಿಲ್ಲ, ಕೆಲಸ ಇನ್ನೂ ತಾತ್ಕಾಲಿಕವೇ. ಕೀಲಿಕೋಣೆಯ ಹಿಂದಿನ ಒಂದು ಕೊಠಡಿ ಕೆಲಸದ ಜೊತೆಗೆ ಬಂದದ್ದು; ಕೆಲಸ ಹೋದರೆ ಅದೂ ಹೋಗುತ್ತದೆ. ಅಲ್ಲಿ ಆಕೆ, ಮಂಡಿನೋವಿನ ನಾದಿನಿ, ಇಬ್ಬರಿಗೂ ಎರಡು ಹಾಸಿಗೆ, ಇಸ್ಪೀಟಿನ ಒಂದು ಕಟ್ಟು.

ಗಂಡ ಬಿಟ್ಟುಹೋದ ಬುದ್ಧಿಮಾತು ಒಂದಿತ್ತು. ಕೀಲಿಕೈ ಕೊಡುವಾಗ ಕೇಳುವವರ ಮುಖ ನೋಡು ಎಂದು ಅವನು ಹೇಳಿದ್ದ. ಕಳ್ಳನ ಮುಖ ಕಳ್ಳನೆಂದು ಹೇಳುತ್ತದೆ ಎಂಬುದು ಅವನ ನಂಬಿಕೆ. ಬೀಗದಕ್ಕನೂ ಬಹಳ ಕಾಲ ಹಾಗೆಯೇ ನಂಬಿದ್ದಳು. ಆ ನಂಬಿಕೆ ಮುರಿದದ್ದು ಎರಡನೇ ಕಟ್ಟಡದ ಮೂರನೇ ಮಹಡಿಯಲ್ಲಿ.

ಆ ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ದೊಡ್ಡ ಕಿಟಕಿಯ ಬೆಳಕಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದಳು. ನಾಲ್ಕೂ ಕಟ್ಟಡಗಳ ಶಾಲಾಮಕ್ಕಳ ಸಮವಸ್ತ್ರ, ದಾದಿಯರ ಕೋಟು, ಸಡಿಲಾದ ಸೊಂಟ, ಬಿಗಿಯಾದ ತೋಳು, ಎಲ್ಲವೂ ಅವಳ ಬಳಿಗೇ ಬರುತ್ತಿದ್ದವು. ಅವಳ ಗಂಡ ವಿಮೆ ಮಾರುವವನು. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಮೆಟ್ಟಿಲಲ್ಲಿ ಎದುರಾದ ಮುದುಕಿಯ ಕೈಚೀಲವನ್ನು ತಾನೇ ಎತ್ತಿಕೊಂಡು ಹೋಗಿ ಬಾಗಿಲ ಬಳಿ ಇಟ್ಟು ಬರುವಂಥ ಮನುಷ್ಯ. ನಾದಿನಿಯ ಮಂಡಿಗೆ ಒಂದು ಮುಲಾಮನ್ನೂ ತಂದುಕೊಟ್ಟಿದ್ದ. ಅವನ ಮುಖ ನೋಡಿ ಕೀಲಿಕೈ ಕೊಡದಿರುವ ಕಾವಲುಗಾರ ಯಾವ ಊರಿನಲ್ಲೂ ಇರಲಾರ.

ಆದರೆ ಆ ಮನೆಯ ಬಾಗಿಲು ಮಾತ್ರ ಪದೇ ಪದೇ ಮುರಿಯುತ್ತಿತ್ತು. ಒಮ್ಮೆ ಚಿಲಕ ಕಿತ್ತುಬಂತು. ಇನ್ನೊಮ್ಮೆ ಚೌಕಟ್ಟು ಸೀಳಿತು. ಮತ್ತೊಮ್ಮೆ ಒಳಕೋಣೆಯ ಬಾಗಿಲಿಗೆ ಕಾಲಿನ ಅಳತೆಯ ತೂತು ಬಿತ್ತು. ರಿಪೇರಿ ಮಾಡುವ ಬಡಗಿ ಮುದುಕ ಪ್ರತಿ ಸಲವೂ ಕೆಳಗಿಳಿದು ಬಂದು, ಆ ಮನೆಯ ಮರಕ್ಕೆ ಏನೋ ದೋಷ ಇರಬೇಕು ಕಣಕ್ಕ, ಎಂದು ಬೀಗದಕ್ಕನ ಕಣ್ಣು ತಪ್ಪಿಸಿ ಹೇಳುತ್ತಿದ್ದ. ಮರಕ್ಕೆ ದೋಷವಿಲ್ಲವೆಂಬುದು ಅವನಿಗೂ ಗೊತ್ತು, ಆಕೆಗೂ ಗೊತ್ತು. ಕೆಳಗಿನ ಮನೆಯವರಿಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಹೇಳದಿರುವುದಕ್ಕೆ ಆ ಕಟ್ಟಡದಲ್ಲಿ ಮರ್ಯಾದೆ ಎಂಬ ಹೆಸರಿತ್ತು.

ಸಂಘಕ್ಕೂ ತನ್ನದೇ ಮರ್ಯಾದೆಗಳಿದ್ದವು. ಬಾಡಿಗೆದಾರರ ಕೈಯಿಂದ ಆದ ಹಾನಿ ರಿಪೇರಿಯಲ್ಲ, ಅಪರಾಧ. ಮತ್ತೆ ಮತ್ತೆ ಆದರೆ ಎಚ್ಚರಿಕೆ ಕೊಡಬೇಕು. ಕೆಳಗಿನ ಮನೆಯವರು ರಾತ್ರಿಯ ಕಿರುಚಾಟದಿಂದ ತಮಗೆ ನಿದ್ದೆಯಿಲ್ಲವೆಂದು ದೂರಿದಾಗ, ಯಾರು ಕಿರುಚಿದರು, ಏಕೆ ಕಿರುಚಿದರು ಎಂದು ಕೇಳುವ ಪದ್ಧತಿ ಸಂಘದಲ್ಲಿ ಇರಲಿಲ್ಲ. ಸದ್ದು ಎಂದರೆ ಸದ್ದು. ಹಗಲಲ್ಲಿ ಮನೆಯಲ್ಲಿರುವವಳು ಟೈಲರಮ್ಮ. ಹಾಗಾಗಿ ಸದ್ದಿನ ನೋಟೀಸೂ ಬಾಗಿಲಿನ ನೋಟೀಸೂ ಅವಳ ಕೈಗೇ ಬಂದವು. ಹೊಡೆತ ತಿನ್ನುವಾಗ ಕೂಗಿದ್ದಕ್ಕೆ ಅವಳೇ ಸಹಿ ಹಾಕಿ ಎಚ್ಚರಿಕೆ ಪಡೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಗಾದೆಯೆಂದು ಎಲ್ಲರೂ ನಗುತ್ತಾರೆ. ಆ ಕಚೇರಿಯಲ್ಲಿ ಅದು ಆಡಳಿತವಾಗಿತ್ತು.

ಮತ್ತೊಂದು ಪದ್ಧತಿಯ ಬಗ್ಗೆ ಸಂಘಕ್ಕೆ ಎಲ್ಲಕ್ಕಿಂತ ಹೆಚ್ಚಿನ ಹೆಮ್ಮೆ. ಯಾವ ಮನೆಗೂ ಕೆಲಸಗಾರರು ಹೇಳದೆ ಕೇಳದೆ ನುಗ್ಗಬಾರದು. ಮುನ್ನಾದಿನವೇ ಬಾಡಿಗೆದಾರರಿಗೆ ಫೋನು ಮಾಡಿ, ಯಾವ ಕೆಲಸ, ಎಷ್ಟು ಹೊತ್ತಿಗೆ ಎಂದು ವಿನಯವಾಗಿ ತಿಳಿಸಬೇಕು. ಇದಕ್ಕೆಂದೇ ಕಚೇರಿಯಲ್ಲಿ ಮೆಲುದನಿಯ ಒಬ್ಬ ಗುಮಾಸ್ತೆ ಇದ್ದಳು. ಎಲ್ಲರೂ ಅವಳನ್ನು ಫೋನಿನ ಹುಡುಗಿ ಎನ್ನುತ್ತಿದ್ದರು. ಬಾಡಿಗೆದಾರರು ಎಂದರೆ ಕರಾರಿನಲ್ಲಿ ಹೆಸರಿದ್ದವರು. ಕರಾರಿನಲ್ಲಿ ಹೆಸರಿದ್ದವರು ಎಂದರೆ, ಹೆಚ್ಚೂಕಡಿಮೆ ಎಲ್ಲ ಮನೆಗಳಲ್ಲೂ, ಗಂಡಸು.

ಒಂದು ಮಧ್ಯಾಹ್ನ ಟೈಲರಮ್ಮ ಕೀಲಿಕೋಣೆಗೆ ಬಂದಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಕೀಲಿಕೈ ಕಳೆದಿರಬೇಕೆಂದು ಬೀಗದಕ್ಕ ಕೊಕ್ಕೆಯ ಕಡೆ ಕೈ ಚಾಚಿದರೆ, ಅವಳು ತಲೆಯಾಡಿಸಿದಳು. ಗಂಡ ಅಣ್ಣನ ಮನೆಗೆ ಹೋಗಿದ್ದಾನೆ, ವಾರವಿಡೀ ಬರುವುದಿಲ್ಲ, ಅಷ್ಟರೊಳಗೆ ಬೀಗ ಬದಲಾಯಿಸಿ ಕೊಡಬಹುದೇ ಎಂದು ಕೇಳಿದಳು. ಕಾರಣ ಹೇಳಲಿಲ್ಲ. ಬೀಗದಕ್ಕ ಕೇಳಲೂ ಇಲ್ಲ.

"ಬೀಗ ಬದಲಾಯಿಸಿದ್ರೆ ಅವನು ಸುಮ್ನಿರ್ತಾನಾ?" ಎಂದಷ್ಟೇ ಅಂದಳು.

"ಬಾಗಿಲು ಮುರಿಯೋವಷ್ಟು ಹೊತ್ತಾದ್ರೂ ಸಿಗುತ್ತಲ್ಲ ಅಕ್ಕ. ಈಗ ಅದೂ ಇಲ್ಲ. ಕೀ ತಿರುಗಿದ್ದೇ ಕೇಳಿಸಲ್ಲ."

ಬೀಗದಕ್ಕ ಅಂದೇ ಕಚೇರಿಗೆ ಹೋದಳು. ಎಲ್ಲ ಕೆಲಸವನ್ನೂ ಕ್ರಮವಾಗಿ ಮಾಡುವುದು ಆಕೆಯ ರೂಢಿ. ಎರಡನೇ ಕಟ್ಟಡದ ಮೂರನೇ ಮಹಡಿಯ ಮನೆಗೆ ಹೊಸ ಬೀಗ ಬೇಕು, ನಾಳೆಯೇ ಬೇಕು ಎಂದು ಬರೆಸಿದಳು. ಫೋನಿನ ಹುಡುಗಿ ನಗುತ್ತ, ನಾಳೆ ಬೆಳಿಗ್ಗೆಯೇ ಆಗುತ್ತೆ ಅಕ್ಕ, ನೀವು ನಿಶ್ಚಿಂತೆಯಿಂದ ಹೋಗಿ, ಎಂದಳು. ಬೀಗದಕ್ಕ ನಿಶ್ಚಿಂತೆಯಿಂದ ಬಂದು ನಾದಿನಿಯ ಜೊತೆ ಇಸ್ಪೀಟಾಡಿದಳು.

ಮರುದಿನ ಬೆಳಿಗ್ಗೆ ಹತಾರದ ಪೆಟ್ಟಿಗೆ ಹಿಡಿದು ಬಡಗಿ ಮುಂದೆ, ಹೊಸ ಬೀಗ ಹಿಡಿದು ಬೀಗದಕ್ಕ ಹಿಂದೆ ಮೆಟ್ಟಿಲು ಹತ್ತಿದರು. ಲಿಫ್ಟು ಬರುತ್ತದೆ ಲಿಫ್ಟು ಬರುತ್ತದೆ ಎಂದು ಹೇಳಿ ಸಂಘದವರು ತನ್ನ ಮಂಡಿಯನ್ನೆಲ್ಲ ಸವೆಸಿಬಿಟ್ಟರೆಂದು ಬಡಗಿ ಪ್ರತಿ ಮಹಡಿಯಲ್ಲೂ ಗೊಣಗಿದ. ಮೂರನೇ ಮಹಡಿಯಲ್ಲಿ ಅವರು ತಟ್ಟುವ ಮೊದಲೇ ಬಾಗಿಲು ತೆರೆಯಿತು. ತೆರೆದವನು ಗಂಡ. ಮಡಿಕೆ ಮುರಿಯದ ಅಂಗಿ, ಬಾಚಿದ ತಲೆ, ಅದೇ ನಗು.

"ಬನ್ನಿ ಅಕ್ಕಾ, ಬನ್ನಿ. ನಿಮಗೋಸ್ಕರಾನೇ ಬಂದು ಕಾಯ್ತಾ ಇದ್ದೆ. ನಿನ್ನೆ ನಿಮ್ಮ ಆಫೀಸಿಂದ ಫೋನ್ ಬಂತು. ಎಷ್ಟು ಮರ್ಯಾದೆಯಿಂದ ಮಾತಾಡ್ತಾಳೆ ಆ ಹುಡುಗಿ. ಬೀಗ ಚೆನ್ನಾಗೇ ಇದೆಯಲ್ಲ, ಯಾಕೆ ಬದಲಾಯಿಸಬೇಕು ಹೇಳಿ? ಇವಳಿಗೆ ಸ್ವಲ್ಪ ಭ್ರಮೆ."

ಅವನ ಹೆಗಲ ಹಿಂದೆ ಕಿಟಕಿಯ ಬೆಳಕು ಬೀಳುವಲ್ಲಿ ಟೈಲರಮ್ಮ ಯಂತ್ರದ ಮುಂದೆ ಕೂತಿದ್ದಳು. ಯಂತ್ರ ಓಡುತ್ತಿರಲಿಲ್ಲ. ಬಲಗೈಯನ್ನು ಯಾರೋ ಗಿರಾಕಿಯ ಅರ್ಧ ಹೊಲಿದ ಅಂಗಿಯ ತೋಳಿನಿಂದ ಸುತ್ತಿಕೊಂಡಿದ್ದಳು. ಬಿಳಿಯ ಬಟ್ಟೆಯಾಗಿದ್ದಿರಬೇಕು ಅದು. ಬೀಗದಕ್ಕನ ಕಣ್ಣು ಅವನ ಮುಖದಿಂದ ಮೊದಲ ಸಲ ಕೆಳಗಿಳಿದು ಆ ಕೈಯ ಮೇಲೆ ನಿಂತಿತು. ಹಿಂದಿನ ಸಂಜೆ ಅವನು ಬಂದು, ಹೊಸ ಬೀಗ ಬೇಕಂತೆ ಎಂದು ನಗುತ್ತಲೇ ಕೇಳಿ, ಅವಳ ಬೆರಳುಗಳನ್ನು ಚೌಕಟ್ಟಿನ ಸಂದಿಗೆ ಹಿಡಿದು ಬಾಗಿಲು ಹಾಕಿದ್ದ. ಸೂಜಿ ಹಿಡಿಯುವ ಎರಡು ಬೆರಳು. ಇದು ಆಮೇಲೆ ತಿಳಿದದ್ದು.

ಬೀಗ ಚೆನ್ನಾಗಿದ್ದರೆ ಇರಲಿ, ಇವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಬೀಗದಕ್ಕ ನೇರ ಒಳಗೆ ನಡೆದಳು. ಬಡಗಿಗೆ ಬಾಗಿಲಲ್ಲೇ ನಿಂತಿರಲು ಹೇಳಿದಳು. ಮುದುಕ ಸುತ್ತಿಗೆಯನ್ನು ಕೈಗೆ ತೆಗೆದುಕೊಂಡು ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಮರದ ದೋಷ ಪರೀಕ್ಷಿಸುವವನಂತೆ ಚೌಕಟ್ಟನ್ನೇ ನೋಡುತ್ತ ನಿಂತ. ಹೆಂಗಸರಿಬ್ಬರೂ ಹೊರಗೆ ಬರುವ ತನಕ ಗಂಡನಿಗೆ ಬಾಗಿಲು ಮುಚ್ಚಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಬೆರಳುಗಳಿಗೆ ಕಟ್ಟು ಹಾಕಿದರು. ಬಾಗಿಲು ಬಡಿಯಿತು ಎಂದು ಟೈಲರಮ್ಮ ಮೊದಲು ಹೇಳಿದಳು. ವೈದ್ಯೆ ಬಾಗಿಲು ಹಾಕಿದ ಕೈ ಯಾರದೆಂದು ಕೇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಅಲ್ಲಿಂದ ಠಾಣೆ. ಠಾಣೆಯವರು ಗಂಡನನ್ನು ಕರೆಸಿ, ಗದರಿಸಿ, ಆ ಮನೆಯ ಕಡೆ ಸುಳಿಯಬಾರದೆಂದು ತಾಕೀತು ಮಾಡಿ ಕಳಿಸಿದರು. ಅವನು ಅವರಿಗೂ ನಕ್ಕು, ಕೃತಜ್ಞತೆ ಹೇಳಿ ಅಣ್ಣನ ಮನೆಗೆ ಹೋದ.

ಬೀಗದಕ್ಕ ಕಚೇರಿಗೆ ಹೋದದ್ದು ಇದಾದ ಮೇಲೆ. ಮ್ಯಾನೇಜರು ಕೆಟ್ಟ ಮನುಷ್ಯನಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದುಕೊಂಡೇ ಅರ್ಧ ಆಯುಷ್ಯ ಕಳೆದವನು. ಆಕೆಯ ಮಾತನ್ನು ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ. ಫೋನು ಮಾಡಿದ್ದು ನಿಯಮದ ಪ್ರಕಾರವೇ ಆಗಿದೆ, ಹುಡುಗಿಯದು ತಪ್ಪಿಲ್ಲ ಎಂದ.

"ಹುಡುಗಿದು ತಪ್ಪು ಅಂತ ನಾನೆಲ್ಲಿ ಅಂದೆ ಸಾರ್?"

"ನೋಡಮ್ಮ, ನಾವು ಮನೆ ಕೊಡೋರು. ಸಂಸಾರ ಸರಿಮಾಡೋರಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ದೊಡ್ಡವರು ಸುಮ್ನೆ ಹೇಳಿಲ್ಲ."

"ಉಣ್ಣೋದಕ್ಕೆ ಕೈ ಬೇಕಲ್ಲ ಸಾರ್. ಅದನ್ನೇ ಬಾಗಿಲ ಸಂದೀಲಿಟ್ಟು ಜಜ್ಜಿದಾನೆ."

ಮ್ಯಾನೇಜರು ಪೇಪರುವೇಟನ್ನು ತಿರುಗಿಸಿದ. ಊರಿನ ಆ ತುದಿಯಲ್ಲಿ ಇಂಥ ಹೆಂಗಸರಿಗೆಂದೇ ಒಂದು ಆಶ್ರಯಧಾಮ ಇದೆ, ಅಲ್ಲಿಗೆ ತಾನೇ ಮಾತಾಡುತ್ತೇನೆ, ಇವತ್ತೇ ಹೋಗಲಿ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬೀಗದಕ್ಕನಿಗೆ ಉರಿದದ್ದೇ ಆ ಒಳ್ಳೆಯ ಮನಸ್ಸಿನಿಂದ. ಅವಳ ಯಂತ್ರ ಇಲ್ಲಿದೆ, ಬೆಳಕಿನ ಕಿಟಕಿ ಇಲ್ಲಿದೆ, ನಾಲ್ಕು ಕಟ್ಟಡದ ಗಿರಾಕಿಗಳು ಇಲ್ಲಿದ್ದಾರೆ, ಅವಳನ್ನು ಕಂಡರೆ ಮಾತಾಡಿಸುವವರೂ ಇಲ್ಲೇ ಇದ್ದಾರೆ. ಅಲ್ಲಿ ಒಂದು ಮಂಚ ಸಿಗುತ್ತದೆ. ಪ್ರಾಣ ಉಳಿಸಿಕೊಳ್ಳಲು ಓಡಲೇಬೇಕಾದವರಿಗೆ ಆ ಮಂಚ ದೊಡ್ಡದು, ಅದನ್ನು ಆಕೆ ಅಲ್ಲಗಳೆಯಲಿಲ್ಲ. ಆದರೆ ಠಾಣೆಯವರೇ ಅವನನ್ನು ಹೊರಗಿಟ್ಟಿರುವಾಗ ಸಂಘ ಮಾತ್ರ ಅವಳನ್ನು ಹೊರಗೆ ಕಳಿಸುವುದಕ್ಕೆ ಏಕೆ ಹೊರಟಿದೆ?

"ಮುರಿದವನಿಗೆ ಮನೆ, ಮುರಿಸಿಕೊಂಡವಳಿಗೆ ಬೀದಿ. ಇದ್ಯಾವ ನ್ಯಾಯ ಸಾರ್?"

ಕರಾರು ಅವನ ಹೆಸರಲ್ಲಿದೆ, ನನ್ನ ಕೈ ಕಟ್ಟಿದೆ ಎಂದ ಮ್ಯಾನೇಜರು. ಕಟ್ಟು ಬಿದ್ದ ಇನ್ನೊಂದು ಕೈಯನ್ನು ಆಗಷ್ಟೇ ನೋಡಿ ಬಂದಿದ್ದ ಬೀಗದಕ್ಕ ಎದ್ದು ಹೊರಬಂದಳು. ಬಾಗಿಲ ಪಕ್ಕದ ಮೇಜಿನಲ್ಲಿ ಫೋನಿನ ಹುಡುಗಿ ಫೋನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಿಮಗೆ ಅನುಕೂಲವಾಗೋ ಸಮಯ ಹೇಳಿ ಸಾರ್ ಅಂತ ನಾನೇ ಕೇಳಿದೆ ಅಕ್ಕ, ಎಂದಳು.

ಆ ಮಧ್ಯಾಹ್ನವೇ ಬಡಗಿ ಯಾರಿಗೂ ಫೋನು ಮಾಡಿಸದೆ ಬೀಗ ಬದಲಾಯಿಸಿದ. ಒಳಗಿನಿಂದ ಒಂದು ದಪ್ಪ ಅಗುಳಿಯನ್ನೂ ಕೂಡಿಸಿದ. ಟೈಲರಮ್ಮನಿಗೆ ಒಂದು ಕೀಲಿಕೈ ಕೊಟ್ಟು, ಇನ್ನೊಂದನ್ನು ಬೀಗದಕ್ಕ ಕೆಳಗೆ ತಂದು ಆ ಮನೆಯ ಕೊಕ್ಕೆಗೆ ನೇತುಹಾಕಿದಳು. ಹಾಗೆ ನೇತುಹಾಕುವಾಗ ಆಕೆಗೆ ಯಾವ ಯೋಚನೆಯೂ ಬರಲಿಲ್ಲ. ಹೊಸ ಬೀಗ ಬಂದರೆ ಎರಡನೇ ಕೀಲಿಕೈ ಕೊಕ್ಕೆಗೆ. ಕೂದಲು ಬೆಳ್ಳಗಾಗುವಷ್ಟು ಕಾಲ ಕೈ ಅದನ್ನೇ ಮಾಡಿತ್ತು. ಮೂರು ಹೊತ್ತೂ ಕೀಲಿಕೈಗಳ ನಡುವೆ ಬದುಕುವವರು ಮಾತ್ರ ಮಾಡಬಹುದಾದ ತಪ್ಪು ಅದು.

ಕರಾರಿನಲ್ಲಿ ಹೆಸರಿದ್ದವರು ಬಂದು ಗುರುತು ತೋರಿಸಿದರೆ ಎರಡನೇ ಕೀಲಿಕೈ ಕೊಡಲೇಬೇಕು ಎಂಬುದು ಸಂಘದ ನಿಯಮ. ಇದನ್ನು ವಿಮೆಯವನು ಮರೆತಿರಲಿಲ್ಲ. ಕೆಲವು ದಿನ ಬಿಟ್ಟು, ಹಾಡುಹಗಲಲ್ಲಿ, ಜನ ಓಡಾಡುವ ಹೊತ್ತಿನಲ್ಲಿ ಬಂದ. ನಾದಿನಿಯ ಮಂಡಿ ಹೇಗಿದೆ ಎಂದು ಕೇಳಿದ. ತನ್ನ ಬಟ್ಟೆಬರೆ ತೆಗೆದುಕೊಳ್ಳಬೇಕಿತ್ತು, ಕೀಲಿಕೈ ಕೊಡಿ ಅಕ್ಕಾ, ಎಂದು ಗುರುತಿನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

ಬಟ್ಟೆಬರೆಯನ್ನು ಬಡಗಿ ಗಂಟುಕಟ್ಟಿ ಕೆಳಗೆ ತಂದುಕೊಡುತ್ತಾನೆ, ಇಲ್ಲೇ ಕೂತಿರಿ ಎಂದಳು ಬೀಗದಕ್ಕ. ಅವನು ನಕ್ಕು, ಬಟ್ಟೆ ಮಾತ್ರವಲ್ಲ, ಮನೆಯೂ ತನ್ನದೇ ಎಂದ. ಆಮೇಲೆ ಜೇಬಿನಿಂದ ಫೋನು ತೆಗೆದು, ಅಷ್ಟೇ ವಿನಯದಿಂದ ಮ್ಯಾನೇಜರನ್ನು ಕರೆದ. ಕಚೇರಿ ಇದ್ದದ್ದು ಅಂಗಳದ ಆಚೆ ಬದಿಗೆ. ಮ್ಯಾನೇಜರು ಏದುಸಿರು ಬಿಡುತ್ತ ಬಂದ. ಅವನ ಹಿಂದೆಯೇ ಫೋನಿನ ಹುಡುಗಿಯೂ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಹಿಂದಿನ ಕೊಠಡಿಯ ಬಾಗಿಲಲ್ಲಿ ನಾದಿನಿ ಇಸ್ಪೀಟು ಹಿಡಿದೇ ನಿಂತಳು. ಠಾಣೆಯವರ ತಾಕೀತು ಠಾಣೆಗೂ ಆ ಗಂಡನಿಗೂ ಬಿಟ್ಟದ್ದು, ಸಂಘಕ್ಕೆ ಅಂಥ ಆದೇಶವೇನೂ ಬಂದಿಲ್ಲ, ನಿಯಮದಂತೆ ಕೀಲಿಕೈ ಕೊಡಬೇಕು ಎಂದು ಮ್ಯಾನೇಜರು ಹೇಳಿದ. ಕೊಡದಿದ್ದರೆ ಕೆಲಸದ ಬಗ್ಗೆ ಸಮಿತಿ ಯೋಚಿಸಬೇಕಾಗುತ್ತದೆ ಎಂದೂ ಹೇಳಿದ. ಹೇಳುವಾಗ ಹಿಂದಿನ ಕೊಠಡಿಯ ಕಡೆಗೊಮ್ಮೆ ನೋಡಿದ.

ಬೀಗದಕ್ಕ ಎದ್ದಳು. ಕೊಕ್ಕೆಯಿಂದ ಆ ಕೀಲಿಕೈ ತೆಗೆದಳು. ವಿಮೆಯವನು ಕೈ ಮುಂದೆ ಮಾಡಿದ. ಆಕೆ ಕೀಲಿಕೈಯನ್ನು ಮುಷ್ಟಿಯೊಳಗೆ ಹಿಡಿದು, ಮತ್ತೆ ಸ್ಟೂಲಿನ ಮೇಲೆ ಕೂತು, ಆ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಬಿಡಿಸ್ಕೊಂಡು ತಗೊಳ್ಳಿ."

ಆಮೇಲೆ ವಿಮೆಯವನು ಬಗ್ಗಿ, ಮುದುಕಿಯ ಕೈಚೀಲ ಎತ್ತಿಕೊಳ್ಳುವಾಗಿನ ಅದೇ ದನಿಯಲ್ಲಿ, ನಗುತ್ತ ಹೇಳಿದ. "ಅಕ್ಕಾ, ನೀವೂ ಕೈಯಿಂದಾನೇ ದುಡಿದು ತಿನ್ನೋರು ಅಲ್ವಾ?"

ಮ್ಯಾನೇಜರು ಗೋಡೆಯ ಕಡೆ ನೋಡುತ್ತಿದ್ದ. ಫೋನಿನ ಹುಡುಗಿ ಮಾತ್ರ ಆ ಮನುಷ್ಯನ ಮುಖವನ್ನೇ ನೋಡುತ್ತಿದ್ದಳು.

ಅವನು ಕೀಲಿಕೈಯಿಲ್ಲದೆ ಹೋದ. ಮೆಟ್ಟಿಲ ಬಳಿ ನಾಲ್ಕು ಜನ ಸೇರಿದ್ದರು. ಎಲ್ಲರೆದುರು ಮುದುಕಿಯೊಬ್ಬಳ ಮುಷ್ಟಿ ಬಿಡಿಸುವುದು ಅವನ ನಗುವಿಗೆ ಒಗ್ಗುವ ಕೆಲಸವಾಗಿರಲಿಲ್ಲ. ಮ್ಯಾನೇಜರು, ಸಮಿತಿಯ ಮುಂದೆ ಬರಬೇಕಾಗುತ್ತದೆ ಎಂದು ಹೇಳಿ ಹೋದ. ಬೀಗದಕ್ಕ ಕೊಠಡಿಗೆ ಬಂದು ನಾದಿನಿಯ ಎದುರು ಕೂತಳು. ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. ಈ ಸೂರು ಹೋದರೆ ತಾವಿಬ್ಬರೂ ಎಲ್ಲಿಗೆ ಹೋಗಬೇಕು ಎಂಬುದು ಆಕೆಗೆ ತಿಳಿಯದ ಸಂಗತಿಯಲ್ಲ. ನಾದಿನಿ ಎಲೆ ಕಲಸಿದಳು, ಹಂಚಿದಳು, ತನ್ನ ಎಲೆಗಳನ್ನು ಜೋಡಿಸಿಕೊಂಡಳು.

"ಹೋಗ್ಲಿ ಬಿಡು ಅತ್ತಿಗೆ. ಈ ಹಾಸಿಗೇಲಿ ತಿಗಣೆ ಬೇರೆ ಜಾಸ್ತಿ ಆಗಿದ್ವು." ಒಂದು ಎಲೆ ಇಳಿಸಿ, ತಡೆದು, "ಆ ಮುಲಾಮೂ ಕೆಲಸ ಮಾಡ್ಲಿಲ್ಲ," ಎಂದಳು.

ಸಮಿತಿ ಸೇರಿದ್ದು ತಿಂಗಳ ಕೊನೆಗೆ. ಸಮಿತಿಯ ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಶಿಸ್ತೆಂದರೆ ಪ್ರಾಣ. ಆ ದಿನ ಎರಡು ವಿಷಯಗಳಿದ್ದವು. ಬಾಗಿಲು ಮುರಿದದ್ದಕ್ಕೂ ಸದ್ದಿಗೂ ಸೇರಿಸಿ ಮೂರನೇ ಮಹಡಿಯ ಮನೆಯನ್ನು ತೆರವು ಮಾಡಿಸುವುದು ಒಂದು. ಬೀಗದಕ್ಕನ ಅವಿಧೇಯತೆ ಇನ್ನೊಂದು. ತೆರವು ಮಾಡಿಸಿದರೆ ಗಂಡನ ಕರಾರೂ ರದ್ದಾಗುತ್ತದೆ, ಜಗಳವೇ ಬಗೆಹರಿಯುತ್ತದೆ ಎಂದು ಸದಸ್ಯರೊಬ್ಬರು ಬಹಳ ಸಮಾಧಾನದಿಂದ ವಿವರಿಸಿದರು. ಟೈಲರಮ್ಮ ಕೊನೆಯ ಕುರ್ಚಿಯಲ್ಲಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದಳು. ಮನೆ ಹೋಗುವುದೆಂಬುದನ್ನು ಅವಳು ಆಗಲೇ ಒಪ್ಪಿಕೊಂಡಂತಿತ್ತು. ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಹಾಕಿ, ಗೋಣಿ ಹೊದಿಸಿ ಬಂದಿದ್ದಳು.

ಏನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷೆ ಕೇಳಿದ್ದು ಬೀಗದಕ್ಕನನ್ನು. ಎದ್ದದ್ದು ಫೋನಿನ ಹುಡುಗಿ. ಯಾವಾಗಲೂ ಮೆಲ್ಲಗೆ ಮಾತಾಡಿ ಅಭ್ಯಾಸವಿದ್ದವಳು. ಆ ದಿನವೂ ಮೆಲ್ಲಗೇ ಮಾತಾಡಿದಳು, ಅದಕ್ಕೇ ಕೋಣೆ ಮೌನವಾಗಬೇಕಾಯಿತು. ಬೀಗ ಬದಲಾಯಿಸುವ ಸುದ್ದಿಯನ್ನು ಆ ಮನುಷ್ಯನಿಗೆ ಮುಟ್ಟಿಸಿದ್ದು ತಾನು. ಸಂಘ ಹೇಳಿಕೊಟ್ಟ ಮಾತುಗಳಲ್ಲೇ ಮುಟ್ಟಿಸಿದ್ದು. ಆ ಸಂಜೆಯೇ ಬೆರಳು ಮುರಿದದ್ದು. ಕೀಲಿಕೋಣೆಯ ಮುಂದೆ ಆತ ಬೀಗದಕ್ಕನಿಗೆ ಹೇಳಿದ ಮಾತು ತನಗೂ ಕೇಳಿಸಿದೆ, ಮ್ಯಾನೇಜರ ಸಾಹೇಬರಿಗೂ ಕೇಳಿಸಿದೆ. ಇದನ್ನು ಠಾಣೆಯಲ್ಲೂ ಹೇಳುತ್ತೇನೆ, ನ್ಯಾಯಾಲಯ ಕರೆದರೆ ಅಲ್ಲೂ ಹೇಳುತ್ತೇನೆ ಎಂದಳು.

ಅಧ್ಯಕ್ಷೆ ಮ್ಯಾನೇಜರ ಕಡೆ ತಿರುಗಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟೇ ಬದುಕಿದ ಮನುಷ್ಯ ಆ ದಿನ ಗೋಡೆ ಹುಡುಕಿದ, ಸಿಗಲಿಲ್ಲ. ಕೇಳಿಸಿತು ಎಂದ.

ಆಗ ಬೀಗದಕ್ಕ ಎದ್ದಳು. ಆಕೆಯ ಮಾತು ಉದ್ದವಿರಲಿಲ್ಲ.

"ಅವಳ ಮನೆ ಬಾಗಿಲು ಎಷ್ಟು ಸಲ ಮುರೀತು, ನಾವೆಲ್ಲ ನೋಡಿದ್ವಿ ಮೇಡಂ. ನಾನೂ ನೋಡಿದೆ. ಒಬ್ರೂ ಒಳಗೆ ಹೋಗಿ, ನಿನಗೇನಮ್ಮ ಬೇಕು ಅಂತ ಕೇಳ್ಲಿಲ್ಲ. ನೋಟೀಸು ಮಾತ್ರ ಕೊಟ್ವಿ. ಅವಳು ಬಂದು ಕೇಳಿದ್ದು ಒಂದು ಬೀಗ. ಆ ಬೀಗಾನೂ ಅವನಿಗೆ ಹೇಳಿ ಹಾಕೋಕೆ ಹೋದ್ವಿ. ಮನೆ ಅವಳ ಹೆಸರಿಗೆ ಮಾಡಿಕೊಡಿ. ಬೀಗ ಯಾರು ಕೇಳ್ತಾರೋ ಅವರಿಗೆ ಮಾತ್ರ ಫೋನ್ ಮಾಡಿ. ಅವನಿಗೆ ಕೀ ಕೊಡಿ ಅಂತ ಮಾತ್ರ ನನಗೆ ಹೇಳ್ಬೇಡಿ. ಕೆಲಸ ಬೇಕಾದ್ರೆ ತಗೊಳ್ಳಿ, ಹೇಗಿದ್ರೂ ಅದು ತಾತ್ಕಾಲಿಕ."

ಸಮಿತಿ ಕರುಣೆಯಿಂದ ಕರಗಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಮುಂದಿನ ಅರ್ಧ ಗಂಟೆ ಅವರು ಮಾತಾಡಿದ್ದು ಮುರಿದ ಬೆರಳಿನ ಬಗ್ಗೆ ಅಲ್ಲ, ಸಂಘದ ಹೆಸರಿನ ಬಗ್ಗೆ. ಹುಡುಗಿ ಹೇಳಿದ್ದು ಹೊರಗೆ ಹೋದರೆ ಏನಾಗುತ್ತದೆ ಎಂಬ ಭಯಕ್ಕೆ ಸದಸ್ಯರೆಲ್ಲರ ಬೆನ್ನು ನೆಟ್ಟಗಾಯಿತು. ಗಂಡನ ಕರಾರನ್ನು ಕೊನೆಗೊಳಿಸಿ ಅದೇ ಮನೆಯನ್ನು ಟೈಲರಮ್ಮನ ಹೆಸರಿಗೆ ಕೊಡುವುದೆಂದು ನಿರ್ಧಾರವಾಯಿತು. ಬಾಗಿಲಿನ ನೋಟೀಸು, ಸದ್ದಿನ ನೋಟೀಸು ಎರಡನ್ನೂ ಹಿಂತೆಗೆದುಕೊಂಡರು. ಯಾರಾದರೂ ಹೆದರಿಕೆಯಿಂದ ಬೀಗ ಕೇಳಿದರೆ ಅಂದೇ ಹಾಕಿಕೊಡಬೇಕು, ಕೇಳಿದವರಿಗಲ್ಲದೆ ಬೇರೆಯವರಿಗೆ ತಿಳಿಸಕೂಡದು ಎಂದಾಯಿತು. ನಡೆದ ಅನಾಹುತಕ್ಕೆ ತಿಳುವಳಿಕೆಯ ಕೊರತೆ ಎಂಬ ಪದ ಹುಡುಕಿದರು; ಯಾರ ತಿಳುವಳಿಕೆ ಎಂದು ಹೇಳಲಿಲ್ಲ. ಬೀಗದಕ್ಕನಿಗೆ, ಮೇಲಧಿಕಾರಿಯ ಮಾತು ಮೀರಿದ್ದಕ್ಕಾಗಿ, ಒಂದು ಎಚ್ಚರಿಕೆ ಕೊಟ್ಟರು. ಶಿಸ್ತು ಶಿಸ್ತೇ ಎಂದರು ಅಧ್ಯಕ್ಷೆ.

ಆಕೆ ಆ ಎಚ್ಚರಿಕೆಯನ್ನು ಹಿಡಿದು ನೇರ ಮೂರನೇ ಮಹಡಿಗೆ ಹೋದಳು. ಟೈಲರಮ್ಮ ಒಂದೇ ಕೈಯಲ್ಲಿ ಯಂತ್ರದ ಮೇಲಿನ ಗೋಣಿ ತೆಗೆಯುತ್ತಿದ್ದಳು. ಬೀಗದಕ್ಕ ಇನ್ನೊಂದು ತುದಿ ಹಿಡಿದಳು. ಆಮೇಲೆ ತನ್ನ ಸೊಂಟದ ಚೀಲದಿಂದ, ಅಂದಿನಿಂದ ಅಲ್ಲೇ ಇದ್ದ ಎರಡನೇ ಕೀಲಿಕೈ ತೆಗೆದು ಯಂತ್ರದ ಮೇಲಿಟ್ಟಳು.

"ಇದು ನನ್ನ ಹತ್ರ ಇರಬಾರದು. ನಾಳೆ ಈ ಸ್ಟೂಲಲ್ಲಿ ಯಾರು ಕೂತಿರ್ತಾರೋ ಏನೋ."

"ನಾನು ಒಳಗೇ ಮರೆತು ಬಾಗಿಲು ಎಳ್ಕೊಂಡ್ರೆ ಅಕ್ಕ?"

"ಬಾಗಿಲು ಮುರಿಯೋಣ. ಬಡಗಿಯಣ್ಣನಿಗೆ ಅಭ್ಯಾಸ ಇದೆ."

ಟೈಲರಮ್ಮ ನಕ್ಕದ್ದನ್ನು ಬೀಗದಕ್ಕ ಅದೇ ಮೊದಲ ಸಲ ನೋಡಿದಳು.

ಆ ಎರಡು ಬೆರಳುಗಳಲ್ಲಿ ಒಂದು ಇಂದಿಗೂ ಪೂರ್ತಿ ಮಡಿಯುವುದಿಲ್ಲ. ಬಟ್ಟೆಯನ್ನು ಎಡಗೈಯಿಂದ ನಡೆಸುವುದನ್ನು ಅವಳು ಕಲಿತಿದ್ದಾಳೆ. ಮೊದಮೊದಲು ಕಾಲರು ಸೊಟ್ಟಗಾಗುತ್ತಿದ್ದವು, ಗಿರಾಕಿಗಳು ಏನೂ ಹೇಳದೆ ಹಾಕಿಕೊಂಡು ಹೋಗುತ್ತಿದ್ದರು. ಗಂಡ ಬೇರೆ ಊರಿಗೆ ಹೋದನೆಂದು ಸುದ್ದಿ. ಅಲ್ಲೂ ಯಾರದೋ ಕೈಚೀಲ ಎತ್ತಿಕೊಡುತ್ತಿರಬಹುದು. ಫೋನಿನ ಹುಡುಗಿ ಈಗ ಯಾವ ಮನೆಗೆ ಫೋನು ಮಾಡಿದರೂ ಮೊದಲು, ಈಗ ನೀವು ಒಬ್ಬರೇ ಇದ್ದೀರಾ, ಮಾತಾಡಬಹುದಾ, ಎಂದು ಕೇಳುತ್ತಾಳೆ. ಕೇಳಲು ಒಂದು ಉಸಿರು ಸಾಕಾಗುವ ಪ್ರಶ್ನೆ. ಅಂಗಳ ದಾಟುವಾಗ ಕಿಟಕಿಯಿಂದ ಅದು ಕಿವಿಗೆ ಬಿದ್ದಾಗಲೆಲ್ಲ ಬೀಗದಕ್ಕ ಅಲ್ಲೇ ನಿಂತುಬಿಡುತ್ತಾಳೆ. ಇಷ್ಟು ಸುಲಭವಿತ್ತೇ ಇದು, ಎಂದು.

ಈಚೆಗೆ ಬೇರೊಂದು ವಸತಿ ಸಂಘದವರು ಇಲ್ಲಿಯ ಪದ್ಧತಿ ನೋಡಲೆಂದು ಬಂದಿದ್ದರು. ಹಿಂಸೆ ಅನುಭವಿಸುವ ಬಾಡಿಗೆದಾರರಿಗೆ ಇಲ್ಲಿ ಒಳ್ಳೆಯ ಆಸರೆಯಿದೆ ಎಂಬ ಕೀರ್ತಿ ಅಷ್ಟರಲ್ಲಿ ಹಬ್ಬಿತ್ತು. ಮ್ಯಾನೇಜರು ಅವರನ್ನು ಕಟ್ಟಡದಿಂದ ಕಟ್ಟಡಕ್ಕೆ ಸುತ್ತಿಸಿ, ನಮ್ಮಲ್ಲಿ ಮೊದಲಿನಿಂದಲೂ ಹೀಗೇ ಎಂದು ವಿವರಿಸುತ್ತ ಕೀಲಿಕೋಣೆಗೆ ಕರೆತಂದ. ಬಂದವರಲ್ಲಿ ಒಬ್ಬಾಕೆ ಹಲಗೆಯನ್ನು ಗಮನವಿಟ್ಟು ನೋಡಿ, ಇಷ್ಟೊಂದು ಕೊಕ್ಕೆಗಳ ನಡುವೆ ಇದೊಂದು ಮಾತ್ರ ಏಕೆ ಖಾಲಿ ಎಂದು ಕೇಳಿದಳು. ಎಲ್ಲೋ ಕಳೆದಿರಬೇಕು, ಹೊಸದು ಮಾಡಿಸುತ್ತೇವೆ ಎಂದ ಮ್ಯಾನೇಜರು.

ಬೀಗದಕ್ಕ ಸ್ಟೂಲಿನಿಂದ ಏಳಲಿಲ್ಲ.

"ಕಳೆದಿಲ್ಲ ಸಾರ್," ಎಂದಳು. "ಎರಡೂ ಕೀ ಅವಳ ಹತ್ರಾನೇ ಇದೆ."